ಹುಳುವಿಗೆ ಲೆಕ್ಕ ಇದೆ, ಕೋಳಿಮರಿಗೆ ಯಾಕಿಲ್ಲ?

2025ರ ಆಷಾಢದಲ್ಲಿ ನಮ್ಮ ಕೋಳಿ ಶೆಡ್ಡು ಖಾಲಿ ಬಿದ್ದಿತ್ತು. ಹಿಂದಿನ ಬ್ಯಾಚಿನ ಕೋಳಿ ಎತ್ತಿಕೊಂಡು ಹೋಗಿದ್ದರು. ಗೊಬ್ಬರ ತೆಗೆದು, ತೊಳೆದು, ಸುಣ್ಣ ಹೊಡೆದು, ಭತ್ತದ ಹೊಟ್ಟು ಹರಡಿ ಕಾದುಕೊಂಡು ಕೂತೆವು. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ 36 ದಿನ ಹೋಯಿತು. ಮರಿ ಬರಲಿಲ್ಲ. ಕಂಪನಿಯ ಸೂಪರ್‌ವೈಸರ್‌ಗೆ ಫೋನು ಮಾಡಿದರೆ, 'ಹೋದ ಸಲ ನಿಮ್ಮ ಎಫ್‌ಸಿಆರ್ ಚೆನ್ನಾಗಿ ಬರಲಿಲ್ಲ ಸಾರ್. ಮೇವು ಜಾಸ್ತಿ ತಿಂದು ತೂಕ ಕಮ್ಮಿ ಬಂದಿದೆ. ಅದಕ್ಕೇ ನಿಮ್ಮನ್ನ ಹಿಂದಕ್ಕೆ ಹಾಕಿದ್ದಾರೆ' ಅಂದ.

ನಾನು ನಂಬಿದೆ. ಮನೆಯಲ್ಲಿ ಹೆಂಡತಿ ಮೇಲೆ ರೇಗಿದ್ದೂ ಆಯಿತು. ರಾತ್ರಿ ಹೊತ್ತು ಮೇವಿನ ಡಬ್ಬಿ ಎತ್ತರ ಸರಿ ಮಾಡಲಿಲ್ಲ, ಅರ್ಧ ಮೇವು ಹೊಟ್ಟಿನ ಪಾಲಾಯಿತು ಅಂತ.

ಆಮೇಲೊಂದು ದಿನ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಭಾವಮೈದನ ಗೂಡಿನ ಜೊತೆ ಹೋಗಿದ್ದೆ. ಅಲ್ಲಿ ಟೀ ಅಂಗಡಿ ಮುಂದೆ ಚಿಂತಾಮಣಿ ಕಡೆಯ ಒಬ್ಬರು ಸಿಕ್ಕಿದರು. ಅವರದೂ ಕೋಳಿ ಶೆಡ್ಡು, ಕಂಪನಿ ಬೇರೆ. ಅವರದೂ ಖಾಲಿ. ಯಾಕೆ ಅಂದರೆ 'ನಮ್ಮ ಎಫ್‌ಸಿಆರ್ ಸರಿ ಬರಲಿಲ್ಲವಂತೆ' ಅಂದರು. ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು ನಕ್ಕರು. 'ನಂದೂ ಅದೇ ಕತೆ ಸ್ವಾಮಿ' ಅಂದರು.

ಊರಿಗೆ ಬಂದವನೇ ನಮ್ಮ ಸುತ್ತಲ ಊರುಗಳಲ್ಲಿ ಗುರುತಿದ್ದ ಶೆಡ್ಡಿನವರಿಗೆಲ್ಲ ಫೋನು ಮಾಡಿದೆ. 11 ಶೆಡ್ಡಿನಲ್ಲಿ 7 ಖಾಲಿ. ಏಳೂ ಜನಕ್ಕೆ ಏಳು ಕಾರಣ ಹೇಳಿದ್ದರು. ಒಬ್ಬನಿಗೆ ನೀರು ಸರಿ ಇಲ್ಲ, ಇನ್ನೊಬ್ಬನಿಗೆ ಶೆಡ್ಡಿನ ಸೈಡು ಪರದೆ ಹರಿದಿದೆ, ಮತ್ತೊಬ್ಬನಿಗೆ ಸಾವು ಜಾಸ್ತಿ. ಏಳು ಜನರೂ ತಪ್ಪು ತಮ್ಮದೇ ಅಂದುಕೊಂಡು ಬಾಯಿ ಮುಚ್ಚಿಕೊಂಡು ಕೂತಿದ್ದರು. ನಿಜವಾದ ಕಾರಣ ಒಂದೇ. ಶ್ರಾವಣ ಬರುತ್ತಿತ್ತು. ಶ್ರಾವಣದಲ್ಲಿ ಜನ ಕೋಳಿ ತಿನ್ನೋದು ಕಮ್ಮಿ. ಅದಕ್ಕೇ ಮರಿ ಬಿಡೋದನ್ನ ಕಮ್ಮಿ ಮಾಡಿದ್ದರು.

ಕಮ್ಮಿ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮಾರಾಟ ಇಲ್ಲದ ಕಾಲಕ್ಕೆ ಕೋಳಿ ಬೆಳೆಸಿ ಯಾರಿಗೆ ಕೊಡೋದು? ಆದರೆ ಆ ವಿಷಯ ನಮಗೆ ಯಾಕೆ ಗೊತ್ತಾಗಲಿಲ್ಲ ಅನ್ನೋದೇ ನನ್ನ ಪ್ರಶ್ನೆ. ಈ ಲೇಖನ ಅದರ ಬಗ್ಗೆ.

ಮರಿಯ ಪಂಚಾಂಗ

ಕೋಳಿ ಸಾಕದ ಓದುಗರಿಗಾಗಿ ಸ್ವಲ್ಪ ವಿವರ ಹೇಳುತ್ತೇನೆ. ಸಾಕುವವರಲ್ಲೂ ಬಹಳ ಜನ ಇದನ್ನ ಕೂತು ಲೆಕ್ಕ ಹಾಕಿರುವುದಿಲ್ಲ. ನಾನೂ ಹಾಕಿರಲಿಲ್ಲ.

ಹ್ಯಾಚರಿಯಲ್ಲಿ ಮೊಟ್ಟೆಯನ್ನ ಮಷೀನಿಗೆ ಇಟ್ಟ ಮೇಲೆ ಮರಿ ಆಚೆ ಬರೋಕೆ 21 ದಿನ. ಮೊದಲ 18 ದಿನ ಒಂದು ಮಷೀನಿನಲ್ಲಿ, ಕೊನೇ 3 ದಿನ ಇನ್ನೊಂದರಲ್ಲಿ. 100 ಮೊಟ್ಟೆ ಇಟ್ಟರೆ ಹೆಚ್ಚು ಕಡಿಮೆ 80ರಿಂದ 85 ಮರಿ. ಅದೇ ದಿನ ಅಥವಾ ಮಾರನೇ ದಿನ ಮರಿ ನಮ್ಮ ಶೆಡ್ಡಿಗೆ ಬರುತ್ತೆ. ಇಲ್ಲಿ 40-42 ದಿನ ಬೆಳೆದು 2 ಕೆಜಿ ದಾಟಿದ ಮೇಲೆ ಬೆಂಗಳೂರಿಗೆ ಗಾಡಿ ಹತ್ತುತ್ತೆ. ಅಂದರೆ ಮೊಟ್ಟೆಯಿಂದ ಮಾರ್ಕೆಟ್ಟಿಗೆ 63 ದಿನ, ಸರಿಯಾಗಿ 9 ವಾರ.

ಇದನ್ನ ನಮ್ಮ ಹಬ್ಬದ ಲೆಕ್ಕದಲ್ಲಿ ಹೇಳಬಹುದು. 2026ರ ಯುಗಾದಿ ಮಾರ್ಚ್ 19ಕ್ಕೆ. ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಆ ದಿನ ಮಾಂಸದ ಅಂಗಡಿ ಮುಂದೆ ಬೆಳಗಿನ ಜಾವ 4 ಗಂಟೆಗೇ ಸಾಲು. ಅಲ್ಲಿಂದ 63 ದಿನ ಹಿಂದಕ್ಕೆ ಎಣಿಸಿದರೆ ಸಂಕ್ರಾಂತಿಯ ಮಾರನೇ ದಿನಕ್ಕೆ ಬರುತ್ತೆ. ಸಂಕ್ರಾಂತಿಯಲ್ಲಿ ನಾವು ದನಕ್ಕೆ ಕಿಚ್ಚು ಹಾಯಿಸೋ ಹೊತ್ತಿಗೆ ಹ್ಯಾಚರಿಯವನು ಹೊಸತೊಡಕಿನ ಮೊಟ್ಟೆ ಮಷೀನಿಗೆ ಇಟ್ಟಿರಬೇಕು. ಹೊಸತೊಡಕಿಗೆ ಕೋಳಿ ಹೆಚ್ಚೋ ಕಮ್ಮಿಯೋ ಅನ್ನೋದು ಅವತ್ತೇ ತೀರ್ಮಾನ ಆಗಿರುತ್ತೆ.

ಇನ್ನೂ ಹಿಂದಕ್ಕೆ ಹೋಗಬಹುದು. ಆ ಮೊಟ್ಟೆ ಇಡೋ ತಾಯಿಕೋಳಿಗೆ ಪೇರೆಂಟ್ ಅಂತಾರೆ. ಅದು ಮರಿಯಾಗಿ ಶೆಡ್ಡಿಗೆ ಬಂದು 24-25 ವಾರಕ್ಕೆ ಮೊಟ್ಟೆ ಶುರು ಮಾಡುತ್ತೆ. 64-65 ವಾರದವರೆಗೆ ಇಡುತ್ತೆ. ಒಂದು ತಾಯಿಕೋಳಿ ತನ್ನ ಆಯುಸ್ಸಿನಲ್ಲಿ ಸುಮಾರು 140-150 ಮರಿ ಕೊಡುತ್ತೆ. ತಲಾ 2 ಕೆಜಿ ಹಿಡಿದರೆ ಒಂದು ತಾಯಿಕೋಳಿಯಿಂದ 300 ಕೆಜಿ ಕೋಳಿ. ಹಾಗಾಗಿ ಇವತ್ತು ದೇಶದಲ್ಲಿ ಎಷ್ಟು ಪೇರೆಂಟ್ ಮರಿ ಬಿಟ್ಟಿದ್ದಾರೆ ಅಂತ ಗೊತ್ತಾದರೆ ಮುಂದಿನ ವರ್ಷ ಕೋಳಿ ಎಷ್ಟು ಬರುತ್ತೆ ಅಂತ ಅಂದಾಜು ಹೇಳಬಹುದು. ಈ ವಾರ ಎಷ್ಟು ಮೊಟ್ಟೆ ಮಷೀನಿಗೆ ಹೋಗಿದೆ ಅಂತ ಗೊತ್ತಾದರೆ 9 ವಾರದ ಆಚೆಯ ಕೋಳಿ ಹೇಳಬಹುದು. ಈ ವಾರ ಎಷ್ಟು ಮರಿ ಶೆಡ್ಡಿಗೆ ಬಿದ್ದಿದೆ ಅಂತ ಗೊತ್ತಾದರೆ 6 ವಾರದ ಆಚೆಯದು ಹೇಳಬಹುದು.

ಮಳೆಗೆ ಇಂಥ ಪಂಚಾಂಗ ಇಲ್ಲ. ರಾಗಿಗೂ ಇಲ್ಲ. ಟೊಮೇಟೊಗೆ ಮೊದಲೇ ಇಲ್ಲ. ಕೋಳಿಗೆ ಮಾತ್ರ ಇದೆ. ಆ ಪಂಚಾಂಗ ನಮ್ಮ ಕೈಗೆ ಸಿಗುವುದಿಲ್ಲ ಅಷ್ಟೇ.

ಲೆಕ್ಕ ಇಲ್ಲದ್ದರಿಂದ ಆಗುವ ನಷ್ಟ

ಸ್ವಂತಕ್ಕೆ ಮರಿ ಕೊಂಡು ಸಾಕುವವರು ಈಗ ಬಹಳ ಕಮ್ಮಿಯಾಗಿದ್ದಾರೆ. ಆದರೂ ಅಲ್ಲಲ್ಲಿ ಇದ್ದಾರೆ. ಅವರ ಪಾಡು ಹೀಗೆ. ಕೋಳಿ ರೇಟು ಚೆನ್ನಾಗಿದೆ ಅಂತ ಪೇಪರಿನಲ್ಲಿ, ಫೋನಿನಲ್ಲಿ ನೋಡುತ್ತಾರೆ. ಪಲ್ಲಡಂ ರೇಟು ದಿನಾ ಫೋನಿಗೆ ಬರುತ್ತೆ. ರೇಟು ಏರಿದಾಗ ಎಲ್ಲರಿಗೂ ಮರಿ ಬೇಕು. ಎಲ್ಲರೂ ಒಟ್ಟಿಗೆ ಕೇಳಿದರೆ ಮರಿಯ ಬೆಲೆಯೂ ಏರುತ್ತೆ. ಒಂದು ದಿನದ ಮರಿ ಹತ್ತು ಹದಿನೈದು ರೂಪಾಯಿಗೆ ಇಳಿದದ್ದೂ ನೋಡಿದ್ದೇವೆ, ನಲವತ್ತು ದಾಟಿದ್ದೂ ನೋಡಿದ್ದೇವೆ. ದುಬಾರಿ ಮರಿ ತಂದು ಬಿಟ್ಟವರದ್ದೆಲ್ಲ 6 ವಾರ ಆದ ಮೇಲೆ ಒಟ್ಟಿಗೇ ಮಾರ್ಕೆಟ್ಟಿಗೆ ಬರುತ್ತೆ. ರೇಟು ಬೀಳುತ್ತೆ. ಬಿದ್ದ ಮೇಲೆ ಯಾರೂ ಮರಿ ಬಿಡೋದಿಲ್ಲ. ಮತ್ತೆ 6 ವಾರಕ್ಕೆ ಕೋಳಿ ಇಲ್ಲ, ರೇಟು ಏರುತ್ತೆ. ಇವತ್ತಿನ ರೇಟು ನೋಡಿ ಮರಿ ಬಿಡೋದು ಅಂದರೆ ಹೋದ ವರ್ಷದ ಪಂಚಾಂಗ ನೋಡಿ ಮದುವೆ ಮುಹೂರ್ತ ಇಟ್ಟಂಗೆ.

ಇದು ಎಷ್ಟು ನಿಜ ಅನ್ನೋದು 2020ರಲ್ಲಿ ಕಣ್ಣಾರೆ ಕಂಡೆವು. ಆ ವರ್ಷದ ಫೆಬ್ರವರಿ-ಮಾರ್ಚಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತೆ ಅಂತ ಸುಳ್ಳು ಸುದ್ದಿ ಹಬ್ಬಿತು. ಕೇಳೋರಿಲ್ಲದೆ ಗೋಕಾಕ ತಾಲೂಕಿನಲ್ಲಿ, ಬಂಗಾರಪೇಟೆ ತಾಲೂಕಿನಲ್ಲಿ ರೈತರು ಗುಂಡಿ ತೋಡಿ ಜೀವಂತ ಕೋಳಿ ಮುಚ್ಚಿದರು. ಹಿಂದೆಯೇ ಲಾಕ್‌ಡೌನು. ಮರಿ ಬಿಡೋರಿಲ್ಲ, ಮಷೀನಿಗೆ ಮೊಟ್ಟೆ ಇಡೋರಿಲ್ಲ. ಆಮೇಲೆ ಏನಾಯಿತು? ಮೇ ತಿಂಗಳ ಹೊತ್ತಿಗೆ ರಂಜಾನ್ ಬಂತು, ಜನ ಮತ್ತೆ ಕೋಳಿ ತಿನ್ನೋಕೆ ಶುರು ಮಾಡಿದರು, ಕೋಳಿ ಇಲ್ಲ. ಮಾರ್ಚಿನಲ್ಲಿ ಬಿಟ್ಟಿ ಕೊಟ್ಟರೂ ಬೇಡ ಅನ್ನುತ್ತಿದ್ದ ಕೋಳಿ ಅಂಗಡಿಯಲ್ಲಿ ಕೆಜಿಗೆ 200 ದಾಟಿತು. ಏಪ್ರಿಲ್ ಮೊದಲ ವಾರದಲ್ಲಿ ಧೈರ್ಯ ಮಾಡಿ ಮರಿ ಬಿಟ್ಟವನು ಗೆದ್ದ. ಆದರೆ ಅವನು ಗೆದ್ದದ್ದು ಅದೃಷ್ಟದಿಂದ, ಲೆಕ್ಕದಿಂದ ಅಲ್ಲ. ಆ ವಾರ ದೇಶದಲ್ಲಿ, ರಾಜ್ಯದಲ್ಲಿ ಎಷ್ಟು ಮರಿ ಬಿದ್ದಿದೆ ಅಂತ ಯಾರಾದರೂ ಬೋರ್ಡಿನಲ್ಲಿ ಬರೆದು ಹಾಕಿದ್ದರೆ ಇನ್ನೂ ಸಾವಿರ ಜನಕ್ಕೆ ಧೈರ್ಯ ಬರುತ್ತಿತ್ತು.

ಇನ್ನು ನಮ್ಮಂಥ ಕಂಪನಿ ಮರಿ ಸಾಕುವವರು. ನಮಗೆ ರೇಟಿನ ಏರಿಳಿತ ತಾಗುವುದಿಲ್ಲ ಅಂತ ಹೇಳಿ ಸೇರಿಸಿಕೊಂಡರು. ಮರಿ, ಮೇವು, ಔಷಧಿ ಅವರದು. ಶೆಡ್ಡು, ಕರೆಂಟು, ನೀರು, ಹೊಟ್ಟು, ಕೂಲಿ ನಮ್ಮದು. ಕೆಜಿಗೆ ಇಷ್ಟು ಅಂತ ಸಾಕಣೆ ಕೂಲಿ. ರೇಟಿನ ಏರಿಳಿತ ತಾಗುವುದಿಲ್ಲ ಅನ್ನೋದು ಅರ್ಧ ನಿಜ. ರೇಟು ಬಿದ್ದರೆ ನಮ್ಮ ಕೆಜಿ ಕೂಲಿ ಕಮ್ಮಿ ಆಗೋದಿಲ್ಲ, ಬ್ಯಾಚು ಕಮ್ಮಿ ಆಗುತ್ತೆ.

ನನ್ನದೇ ಲೆಕ್ಕ ಕೊಡುತ್ತೇನೆ. ನಮ್ಮದು 5,000 ಕೋಳಿಯ ಶೆಡ್ಡು. ಸತ್ತದ್ದು ಹೋಗಿ 4,800 ಕೋಳಿ, ತಲಾ 2 ಕೆಜಿ 100 ಗ್ರಾಂ ಹಿಡಿದರೆ ಸುಮಾರು 10,000 ಕೆಜಿ. ಕೆಜಿಗೆ 7 ರೂಪಾಯಿಯಂತೆ 70,000. ಕರೆಂಟು, ಹೊಟ್ಟು, ಮರಿಗೆ ಕಾವು ಕೊಡೋ ಇದ್ದಿಲು, ಆಳು ಎಲ್ಲ ಸೇರಿ 25,000 ಕಳೆದರೆ 45,000 ಉಳಿಯುತ್ತೆ. ಸಾಕಣೆ, ಕೋಳಿ ಎತ್ತೋದು, ತೊಳೆದು ಒಣಗಿಸೋದು ಎಲ್ಲ ಸೇರಿ ಒಂದು ಬ್ಯಾಚಿಗೆ 60 ದಿನ. ವರ್ಷಕ್ಕೆ 6 ಬ್ಯಾಚು. 2,70,000 ರೂಪಾಯಿ. ಬ್ಯಾಂಕಿನ ಸಾಲ ತಗೊಳ್ಳೋವಾಗ ಈ 6 ಬ್ಯಾಚಿನ ಲೆಕ್ಕವನ್ನೇ ಕಾಗದದ ಮೇಲೆ ತೋರಿಸಿದ್ದರು. ಸಾಲದ ಕಂತು ತಿಂಗಳಿಗೆ 12,000, ವರ್ಷಕ್ಕೆ 1,44,000. ಉಳಿದ 1,26,000 ನಮ್ಮದು.

2025ರಲ್ಲಿ ನಮಗೆ ಬಂದದ್ದು 4 ಬ್ಯಾಚು. 1,80,000. ಕಂತು ಹೋಗಿ ಉಳಿದದ್ದು 36,000. ಇಡೀ ಮನೆ ಹಗಲೂ ರಾತ್ರಿ ದುಡಿದದ್ದಕ್ಕೆ ತಿಂಗಳಿಗೆ 3,000. ಶೆಡ್ಡು ಖಾಲಿ ಇದೆ ಅಂತ ಬ್ಯಾಂಕಿನವರು ಕಂತು ಬಿಡುತ್ತಾರೆಯೇ? ಗೊಬ್ಬರ ಇಲ್ಲವಾದ್ದರಿಂದ ಆ ವರ್ಷ ನಮ್ಮ ರಾಗಿ ಹೊಲಕ್ಕೂ ಅರ್ಧ ಗೊಬ್ಬರ. ದ್ರಾಕ್ಷಿ ತೋಟದವರಿಗೆ ಮಾರುತ್ತಿದ್ದ ಎರಡು ಲೋಡಿನ ದುಡ್ಡೂ ಇಲ್ಲ.

ಮುಂಚೆಯೇ ಗೊತ್ತಿದ್ದರೆ ಏನು ಮಾಡಬಹುದಿತ್ತು ಅಂತ ಕೇಳಬಹುದು. ಬಹಳ ಮಾಡಬಹುದಿತ್ತು. ಆ 36 ದಿನ ನನ್ನ ಮಗ ಮರಿ ಈಗ ಬರುತ್ತೆ ಅಂತ ಮನೆಯಲ್ಲೇ ಕಾದ. ಕೂಲಿಗೆ ಹೋಗಲಿಲ್ಲ. ಹೊಟ್ಟನ್ನ ಮುಂಚೆಯೇ ಕೊಂಡು ಹರಡಿ ಮಳೆ ಎರಚಲಿಗೆ ಹಾಳು ಮಾಡಿಕೊಂಡೆವು. ಬ್ಯಾಂಕಿಗೆ ಮುಂಚೆಯೇ ಹೋಗಿ ಕಂತು ಮುಂದಕ್ಕೆ ಹಾಕಿ ಅಂತ ಕೇಳಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪು ನಮ್ಮದೇ ಅಂದುಕೊಂಡು ಮನೆಮಂದಿ ಒಬ್ಬರ ಮುಖ ಒಬ್ಬರು ನೋಡದೆ ಇರೋದು ತಪ್ಪುತ್ತಿತ್ತು. ಶೆಡ್ಡು ಖಾಲಿ ಬೀಳೋ ಮುಂಚೆಯೇ ಎಲ್ಲೋ ಮಷೀನಿಗೆ ಮೊಟ್ಟೆ ಇಡೋದು ಕಮ್ಮಿಯಾಗಿತ್ತು. ಅದಕ್ಕೂ ನಮ್ಮ ಮೇವಿನ ಡಬ್ಬಿಗೂ ಸಂಬಂಧ ಇರಲಿಲ್ಲ.

ಪಕ್ಕದಲ್ಲೇ ಇರುವ ಪಾಠ

ಲೆಕ್ಕ ಇಡೋದು ಕಷ್ಟ, ಇಷ್ಟು ದೊಡ್ಡ ವ್ಯಾಪಾರದಲ್ಲಿ ಆಗದ ಮಾತು ಅನ್ನುವವರು ಶಿಡ್ಲಘಟ್ಟಕ್ಕೆ ಬರಬೇಕು. ನಮ್ಮ ತಾಲೂಕು ರೇಷ್ಮೆ ತಾಲೂಕು. ಕರ್ನಾಟಕದಲ್ಲಿ ರೇಷ್ಮೆ ಮೊಟ್ಟೆ, ಗೂಡು, ನೂಲಿನ ವ್ಯವಹಾರಕ್ಕೆ 1959ರಲ್ಲೇ ಕಾಯಿದೆ ಬಂದಿದೆ. ಗೂಡನ್ನ ಸರ್ಕಾರಿ ಮಾರ್ಕೆಟ್ಟಿನಲ್ಲಿ ಹರಾಜಿಗೆ ಇಡಬೇಕು. ಇವತ್ತು ಎಷ್ಟು ಲಾಟು ಬಂತು, ಎಷ್ಟು ಕೆಜಿ, ಹೆಚ್ಚಿನ ಬೆಲೆ ಎಷ್ಟು, ಕಮ್ಮಿ ಎಷ್ಟು, ಸರಾಸರಿ ಎಷ್ಟು ಅನ್ನೋದು ಸಾಯಂಕಾಲದ ಹೊತ್ತಿಗೆ ಎಲ್ಲರಿಗೂ ಗೊತ್ತು. 2010ರ ಕೇಂದ್ರ ರೇಷ್ಮೆ ಮಂಡಳಿಯ ಬಿತ್ತನೆ ನಿಯಮದ ಪ್ರಕಾರ ಮೊಟ್ಟೆ ತಯಾರಿಸುವವನು, ಚಾಕಿ ಕಟ್ಟುವವನು, ಮಾರುವವನು ಮೂವರೂ ನೋಂದಣಿ ಮಾಡಿಸಬೇಕು. ಸಾಸಿವೆ ಕಾಳಿಗಿಂತ ಚಿಕ್ಕದಾದ ಹುಳುವಿನ ಮೊಟ್ಟೆಗೆ ಇಷ್ಟು ಲೆಕ್ಕ ಇದೆ. 40 ಗ್ರಾಂ ತೂಗೋ ಕೋಳಿಮರಿಗೆ ಇಲ್ಲ!

ರೇಷ್ಮೆಯವರಿಗೆ ಈ ಲೆಕ್ಕದಿಂದ ಬೆಲೆ ಬೀಳೋದು ನಿಂತಿದೆಯೇ? ಇಲ್ಲ. ಆದರೆ ಬಿದ್ದಾಗ ಯಾಕೆ ಬಿತ್ತು ಅಂತ ಗೊತ್ತಾಗುತ್ತೆ. ಇವತ್ತು ಬೆಲೆ ಸಿಕ್ಕಲಿಲ್ಲ ಅಂದರೆ ನನ್ನ ಗೂಡು ಕೆಟ್ಟದ್ದಾ, ಇಡೀ ಮಾರ್ಕೆಟ್ಟೇ ಬಿದ್ದಿದೆಯಾ ಅಂತ ಬೋರ್ಡು ನೋಡಿ ಹೇಳಬಹುದು. ಕೋಳಿಯವನಿಗೆ ಆ ಬೋರ್ಡೇ ಇಲ್ಲ.

ಮೊಟ್ಟೆ ಕೋಳಿಯವರಿಗೆ 1982ರಲ್ಲಿ ಎನ್‌ಇಸಿಸಿ ಬಂದು ದಿನಾ ಮೊಟ್ಟೆ ಬೆಲೆ ಹೇಳೋ ಪದ್ಧತಿ ಬಂತು. ಅದು ಬೆಲೆ. ನಾನು ಕೇಳುತ್ತಿರುವುದು ಎಣಿಕೆ. ಎರಡೂ ಬೇರೆ. ಬೆಲೆ ಇವತ್ತಿನ ಸುದ್ದಿ ಹೇಳುತ್ತೆ, ಎಣಿಕೆ ಮುಂದಿನ ಎರಡು ತಿಂಗಳ ಸುದ್ದಿ ಹೇಳುತ್ತೆ.

ಸರ್ಕಾರ ಕೋಳಿ ಎಣಿಸುವುದೇ ಇಲ್ಲ ಅಂತಲ್ಲ. ಐದು ವರ್ಷಕ್ಕೊಮ್ಮೆ ಜಾನುವಾರು ಗಣತಿ ಇದೆ. 2019ರ ಗಣತಿಯಲ್ಲಿ ದೇಶದಲ್ಲಿ 85 ಕೋಟಿ ಚಿಲ್ಲರೆ ಕೋಳಿ, ಬಾತು ಎಲ್ಲ ಸೇರಿ ಸಿಕ್ಕಿತು. ಮುಂದಿನ ಗಣತಿ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಹಸುವಿಗೆ, ಎಮ್ಮೆಗೆ ಇದು ಸರಿ. ಆದರೆ ಬ್ರಾಯ್ಲರ್ ಕೋಳಿಯ ಆಯುಸ್ಸು 6 ವಾರ. ಒಂದು ಗಣತಿಗೂ ಇನ್ನೊಂದು ಗಣತಿಗೂ ನಡುವೆ ಒಂದೊಂದು ಶೆಡ್ಡಿನಲ್ಲಿ 30 ಬ್ಯಾಚು ಬಂದು ಹೋಗಿರುತ್ತೆ. ಎಣಿಸೋರು ಬಂದ ದಿನ ಶೆಡ್ಡು ಖಾಲಿ ಇದ್ದರೆ ಸೊನ್ನೆ, ತುಂಬಿದ್ದರೆ 5,000.

ಅಮೆರಿಕದವರ ವಾರದ ಲೆಕ್ಕ

ಅಮೆರಿಕದ ಕೃಷಿ ಇಲಾಖೆ ವಾರಕ್ಕೊಮ್ಮೆ ಒಂದು ಹಾಳೆ ಆಚೆ ಬಿಡುತ್ತೆ. ಬ್ರಾಯ್ಲರ್ ಹ್ಯಾಚರಿ ವರದಿ ಅಂತ ಅದರ ಹೆಸರು. ಈ ವಾರ ಎಷ್ಟು ಮೊಟ್ಟೆ ಮಷೀನಿಗೆ ಇಟ್ಟರು, ಎಷ್ಟು ಮರಿ ಶೆಡ್ಡಿಗೆ ಬಿಟ್ಟರು, ಹೋದ ವರ್ಷ ಇದೇ ವಾರ ಎಷ್ಟಿತ್ತು, ಯಾವ ರಾಜ್ಯದಲ್ಲಿ ಎಷ್ಟು ಅನ್ನೋದೆಲ್ಲ ಅದರಲ್ಲಿ ಇರುತ್ತೆ. ಈಚಿನ ವರ್ಷಗಳಲ್ಲಿ ವಾರಕ್ಕೆ ಸುಮಾರು 24 ಕೋಟಿ ಮೊಟ್ಟೆ ಇಟ್ಟು 19 ಕೋಟಿಯಷ್ಟು ಮರಿ ಬಿಡುತ್ತಾರೆ. ಆ ಹಾಳೆಯನ್ನ ದುಡ್ಡು ಕೊಡದೆ ಯಾರು ಬೇಕಾದರೂ ಓದಬಹುದು. ಅದರಲ್ಲಿ ಕಂಪನಿಗಳ ಹೆಸರು ಇರೋದಿಲ್ಲ, ಒಟ್ಟು ಮೊತ್ತ ಮಾತ್ರ.

ಅಲ್ಲಿನ ಸಾಕಣೆದಾರರೆಲ್ಲ ಸುಖವಾಗಿದ್ದಾರೆ ಅಂತ ನಾನು ಹೇಳೋದಿಲ್ಲ. ಅಲ್ಲೂ ನಮ್ಮ ಹಾಗೇ ಕಂಪನಿ ಮರಿ, ಬ್ಯಾಂಕ್ ಸಾಲ. ಲೆಕ್ಕದಿಂದ ಕೆಡುಕೂ ಆಗಬಹುದು ಅನ್ನೋದಕ್ಕೂ ಅಲ್ಲೇ ಉದಾಹರಣೆ ಇದೆ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ನ್ಯಾಯ ಇಲಾಖೆ ಅಗ್ರಿ ಸ್ಟಾಟ್ಸ್ ಅನ್ನೋ ಸಂಸ್ಥೆಯ ಮೇಲೆ ಕೇಸು ಹಾಕಿತು. ದೊಡ್ಡ ಮಾಂಸದ ಕಂಪನಿಗಳ ಒಳಗಿನ ಲೆಕ್ಕವನ್ನೆಲ್ಲ ಈ ಸಂಸ್ಥೆ ಒಟ್ಟು ಮಾಡಿ ಆ ಕಂಪನಿಗಳಿಗೇ ಹಂಚುತ್ತಿತ್ತು, ಅದರಿಂದ ಅವು ಪೈಪೋಟಿ ಬಿಟ್ಟು ಬೆಲೆ ಏರಿಸೋಕೆ ದಾರಿಯಾಯಿತು ಅನ್ನೋದು ಆರೋಪ.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಲೆಕ್ಕ ಕೆಲವರ ಕೈಯಲ್ಲೇ ಇದ್ದರೆ ಅದು ಅವರಿಗೆ ಆಯುಧ. ಎಲ್ಲರ ಕಣ್ಣಿಗೂ ಬಿದ್ದರೆ ಎಲ್ಲರಿಗೂ ದೀಪ. ನಮ್ಮಲ್ಲಿ ಈಗ ಯಾರ ಕೈಯಲ್ಲಿದೆ? ಪೇರೆಂಟ್ ಮರಿ ಮಾರುವವರು ಬೆರಳೆಣಿಕೆಯ ಜನ. ಯಾರು ಎಷ್ಟು ಕೊಂಡರು ಅಂತ ಅವರಿಗೆ ಗೊತ್ತು. ಲಸಿಕೆ ಮಾರುವವನಿಗೆ ಗೊತ್ತು, ಮೇವು ಮಾಡುವವನಿಗೆ ಗೊತ್ತು. ಗೊತ್ತಿಲ್ಲದೆ ಇರೋದು ಮರಿಯ ಪಕ್ಕದಲ್ಲೇ ಮಲಗುವ ನಮಗೆ ಮಾತ್ರ.

ಜೋಳದವರಿಗೂ ಬೇಕು, ರೋಗಕ್ಕೂ ಬೇಕು

ಇದು ಕೋಳಿಯವರ ಜಗಳ, ನಮಗೇನು ಅನ್ನಬೇಡಿ. ಒಂದು ಕೋಳಿ 2 ಕೆಜಿ ತೂಗೋ ಹೊತ್ತಿಗೆ ಸುಮಾರು 3 ಕೆಜಿ 200 ಗ್ರಾಂ ಮೇವು ತಿಂದಿರುತ್ತೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಸುಕಿನ ಜೋಳ. ನನ್ನ ಒಂದು ಸಣ್ಣ ಶೆಡ್ಡೇ ಒಂದು ಬ್ಯಾಚಿಗೆ 9 ಟನ್ ಆಸುಪಾಸು ಜೋಳ ತಿನ್ನುತ್ತೆ. ಗೌರಿಬಿದನೂರು ಕಡೆ ಜೋಳ ಬೆಳೆಯುವವರು ಇದನ್ನ ಯೋಚಿಸಬೇಕು. ಈ ವಾರ ಎಷ್ಟು ಮರಿ ಬಿದ್ದಿದೆ ಅನ್ನೋದು ಮುಂದಿನ ಆರು ವಾರಕ್ಕೆ ಎಷ್ಟು ಜೋಳ ಬೇಕು ಅನ್ನೋದರ ಲೆಕ್ಕವೂ ಹೌದು. 2025-26ಕ್ಕೆ ಕೇಂದ್ರ ಸರ್ಕಾರ ಜೋಳಕ್ಕೆ ಕ್ವಿಂಟಾಲಿಗೆ 2,400 ಬೆಂಬಲ ಬೆಲೆ ಅಂತ ಹೇಳಿತು. ಸುಗ್ಗಿಯಲ್ಲಿ ಅಷ್ಟು ಬೆಲೆ ಸಿಗದೆ 2025ರ ನವೆಂಬರಿನಲ್ಲಿ ಗದಗ, ಹಾವೇರಿ ಕಡೆ ರೈತರು ರಸ್ತೆಗೆ ಇಳಿದರು. ಜೋಳ ಕೊಳ್ಳುವವನಿಗೆ ಮುಂದಿನ ಬೇಡಿಕೆ ಗೊತ್ತಿರುತ್ತೆ, ಮಾರುವವನಿಗೆ ಗೊತ್ತಿರೋದಿಲ್ಲ. ಗೊತ್ತಿಲ್ಲದವನು ಕೇಳಿದ ಬೆಲೆಗೆ ಕೊಟ್ಟು ಬರುತ್ತಾನೆ.

ರೋಗದ ವಿಷಯವೂ ಇದೆ. 2025ರ ಫೆಬ್ರವರಿ ಕೊನೆಯಲ್ಲಿ ನಮ್ಮ ಜಿಲ್ಲೆಯ ವರದಹಳ್ಳಿಯಲ್ಲಿ ಹಕ್ಕಿಜ್ವರ ಬಂತು. ಸುತ್ತ 10 ಕಿಲೋಮೀಟರು ನಿಗಾ ವಲಯ ಅಂತ ಮಾಡಿದರು. ಪಶು ಇಲಾಖೆಯವರು ಊರೂರು ಸುತ್ತಿ ಎಲ್ಲಿ ಶೆಡ್ಡು ಇದೆ, ಯಾವುದರಲ್ಲಿ ಕೋಳಿ ಇದೆ ಅಂತ ಕೇಳಬೇಕಾಯಿತು. ಬೆಂಕಿ ಬಿದ್ದ ಮೇಲೆ ಬಾವಿ ಎಲ್ಲಿದೆ ಅಂತ ಹುಡುಕಿದ ಹಾಗೆ. ಯಾವ ಹ್ಯಾಚರಿಯ ಮರಿ ಯಾವ ದಿನ ಯಾವ ಊರಿಗೆ ಹೋಯಿತು ಅನ್ನೋದು ಪುಸ್ತಕದಲ್ಲಿ ಇದ್ದರೆ ಒಂದು ಗಂಟೆಯ ಕೆಲಸ. ರೋಗ ಇಲ್ಲದ ಊರಿನವರ ಶೆಡ್ಡಿಗೆ ಮರಿ ಬೇಗ ಬರೋಕೂ ಅದೇ ದಾರಿ. ಆ ಸಲವೂ ನಮ್ಮ ಶೆಡ್ಡಿಗೆ ಮರಿ ತಡವಾಯಿತು, ಆದರೆ ಕಾರಣ ಕಣ್ಣ ಮುಂದೆ ಇದ್ದದ್ದರಿಂದ ಯಾರೂ ಯಾರ ಮೇಲೂ ರೇಗಲಿಲ್ಲ.

ಕೇಳಬೇಕಾದದ್ದು

ನನ್ನ ಬುದ್ಧಿಗೆ ತೋಚಿದ್ದು ಮೂರು.

ಒಂದು, ಹ್ಯಾಚರಿಗಳು ವಾರಕ್ಕೊಮ್ಮೆ ಎರಡೇ ಅಂಕಿ ಪಶುಸಂಗೋಪನೆ ಇಲಾಖೆಗೆ ಕೊಡಬೇಕು. ಮಷೀನಿಗೆ ಇಟ್ಟ ಮೊಟ್ಟೆ ಎಷ್ಟು, ಯಾವ ಜಿಲ್ಲೆಗೆ ಬಿಟ್ಟ ಮರಿ ಎಷ್ಟು. ಇಲಾಖೆ ಅದನ್ನ ಒಟ್ಟುಗೂಡಿಸಿ ಜಿಲ್ಲಾವಾರು ಹೇಳಲಿ. ವ್ಯಾಪಾರದ ಗುಟ್ಟು ಆಚೆ ಹೋಗುತ್ತೆ ಅಂತ ಕಂಪನಿಯವರು ಹೇಳಬಹುದು. ಯಾವ ಕಂಪನಿಯದು ಎಷ್ಟು ಅಂತ ನಾವು ಕೇಳುತ್ತಿಲ್ಲ. ಒಂದು ಜಿಲ್ಲೆಯಲ್ಲಿ ಒಂದೇ ಕಂಪನಿ ಇದ್ದರೆ ಎರಡು ಜಿಲ್ಲೆ ಸೇರಿಸಿ ಹೇಳಲಿ. ಪಕ್ಕದ ಆಂಧ್ರ, ತಮಿಳುನಾಡಿನಿಂದ ಬರೋ ಮರಿಯೂ ಲೆಕ್ಕಕ್ಕೆ ಸೇರಬೇಕು. ಇಲ್ಲದಿದ್ದರೆ ನಮ್ಮಂಥ ಗಡಿ ಜಿಲ್ಲೆಯಲ್ಲಿ ಲೆಕ್ಕ ಸುಳ್ಳಾಗುತ್ತೆ.

ಎರಡು, ನಮ್ಮ ಕರಾರು ಪತ್ರದಲ್ಲಿ ವರ್ಷಕ್ಕೆ ಕನಿಷ್ಠ ಎಷ್ಟು ಬ್ಯಾಚು ಅಂತ ಬರೆಯಬೇಕು. ಶೆಡ್ಡು ಸಿದ್ಧವಾಗಿ 15 ದಿನ ಆದ ಮೇಲೂ ಮರಿ ಬರದಿದ್ದರೆ ದಿನಕ್ಕೆ ಇಷ್ಟು ಅಂತ ಖಾಲಿ ಬಾಡಿಗೆ ಕೊಡಬೇಕು. ಲಾರಿ ಬಾಡಿಗೆಗೆ ನಿಲ್ಲಿಸಿಕೊಂಡರೆ ಕಾಯೋ ದುಡ್ಡು ಕೊಡೋದಿಲ್ಲವೇ? ಶೆಡ್ಡಿಗೆ ಯಾಕಿಲ್ಲ? ಬರೀ ಲೆಕ್ಕ ಗೊತ್ತಾದರೆ ಸಾಲದು ಅನ್ನೋದಕ್ಕೆ ಇದನ್ನ ಹೇಳುತ್ತಿದ್ದೇನೆ. ಮರಿ ಬಿಡೋ ಅಧಿಕಾರ ನಮ್ಮ ಕೈಯಲ್ಲಿ ಇಲ್ಲ. ಲೆಕ್ಕ ಗೊತ್ತಿದ್ದೂ ಕೈಕಟ್ಟಿ ಕೂರಬೇಕಾದರೆ ಅದರಿಂದ ಹೊಟ್ಟೆ ತುಂಬೋದಿಲ್ಲ.

ಮೂರು, ಸರ್ಕಾರ ಮಾಡೋವರೆಗೆ ಕಾಯದೆ ನಾವೇ ಶುರು ಮಾಡಬೇಕು. ನಮ್ಮ ಕಡೆ 11 ಜನ ಶುರು ಮಾಡಿದ್ದೇವೆ. ಸಂಘ ಇಲ್ಲ, ಹೆಸರಿಲ್ಲ, ಚಂದಾ ಇಲ್ಲ. 200 ಪುಟದ ಒಂದು ನೋಟ್‌ಬುಕ್. ಮಂಗಳವಾರ ಸಾಯಂಕಾಲ ಒಬ್ಬರು ಎಲ್ಲರಿಗೂ ಫೋನು ಮಾಡಿ ನಾಲ್ಕು ಅಂಕಣ ತುಂಬುತ್ತಾರೆ. ಶೆಡ್ಡು ಎಷ್ಟು ಕೋಳಿಯದು, ಮರಿ ಬಂದ ದಿನ ಮತ್ತು ಎಷ್ಟು, ಎತ್ತಿದ ದಿನ, ಖಾಲಿ ಬಿದ್ದು ಎಷ್ಟು ದಿನ. ಬರೆಯೋ ಸರದಿ ತಿಂಗಳಿಗೊಬ್ಬರದು. ಮೊದಮೊದಲು ಕೆಲವರು ಹೆದರಿದರು. ಕಂಪನಿಗೆ ಗೊತ್ತಾದರೆ ಮರಿ ನಿಲ್ಲಿಸುತ್ತಾರೆ ಅಂದರು. ನಮ್ಮ ಶೆಡ್ಡಿನಲ್ಲಿ ಏನಿದೆ ಅಂತ ನಾವು ಬರೆದುಕೊಳ್ಳೋದಕ್ಕೆ ಯಾರ ಅಪ್ಪಣೆ ಬೇಕು ಅಂದೆ.

ಹನ್ನೊಂದು ಶೆಡ್ಡಿನ ಲೆಕ್ಕದಿಂದ ರಾಜ್ಯದ ರೇಟು ಹೇಳೋಕೆ ಆಗೋದಿಲ್ಲ, ಅದು ಗೊತ್ತು. ಆದರೆ ಒಂದು ಉಪಯೋಗ ಆಗಲೇ ಆಗಿದೆ. 2025ರ ದೀಪಾವಳಿ ಆದ ಮೇಲೆ ಕಾರ್ತಿಕದಲ್ಲಿ ಮತ್ತೆ ಮರಿ ತಡವಾಯಿತು. ಸೂಪರ್‌ವೈಸರು ನಮ್ಮಲ್ಲಿ ಒಬ್ಬರಿಗೆ ಹಳೇ ಮಾತೇ ಹೇಳಿದ, ನಿಮ್ಮ ಎಫ್‌ಸಿಆರ್ ಸರಿ ಇಲ್ಲ ಅಂತ. ಅವರು ನೋಟ್‌ಬುಕ್ ತೆಗೆದು, 'ನಮ್ಮ 11 ಶೆಡ್ಡಿನಲ್ಲಿ 5 ಖಾಲಿ ಇದೆ ನೋಡಪ್ಪ. ಎಲ್ಲರ ಎಫ್‌ಸಿಆರೂ ಒಂದೇ ದಿನ ಕೆಟ್ಟಿತಾ?' ಅಂತ ಕೇಳಿದರು. ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲ ಸಾರ್, ಮೇಲಿಂದಲೇ ಮರಿ ಕಮ್ಮಿ ಮಾಡಿದ್ದಾರೆ. ಇನ್ನು ಇಪ್ಪತ್ತು ದಿನ ಆಗುತ್ತೆ' ಅಂದ. ಅವನನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಅವನೂ ನಮ್ಮಂಥ ರೈತರ ಮನೆಯ ಹುಡುಗನೇ. ಹೇಳು ಅಂತ ಹೇಳಿಕೊಟ್ಟದ್ದನ್ನ ಹೇಳುತ್ತಾನೆ. ಆದರೆ ಅವತ್ತು ಇಪ್ಪತ್ತು ದಿನ ಅಂತ ಗೊತ್ತಾದ್ದರಿಂದ ಆ ಮನೆಯವರು ಹೊಟ್ಟು ಕೊಳ್ಳೋದನ್ನ ನಿಲ್ಲಿಸಿ ಗಂಡ ಹೆಂಡತಿ ಇಬ್ಬರೂ ರಾಗಿ ಕೊಯ್ಲಿನ ಕೂಲಿಗೆ ಹೋದರು. ಹದಿನೆಂಟು ದಿನದ ಕೂಲಿ ಮನೆಗೆ ಬಂತು.

ಈ ಪತ್ರಿಕೆ ಓದುವವರಲ್ಲಿ ತುಮಕೂರು, ಕೋಲಾರ, ದಾವಣಗೆರೆ ಕಡೆ ಕೋಳಿ ಸಾಕುವವರು ಇದ್ದೇ ಇರುತ್ತೀರಿ. ನಿಮ್ಮ ಊರಿನ ಸುತ್ತ ಹತ್ತು ಶೆಡ್ಡಿನವರು ಸೇರಿ ಇಂಥದೇ ಒಂದು ನೋಟ್‌ಬುಕ್ ಇಡಿ. ತಿಂಗಳಿಗೊಮ್ಮೆ ಆ ನಾಲ್ಕು ಅಂಕಣದ ಮೊತ್ತವನ್ನ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಊರು, ಹೆಸರು, ಕಂಪನಿ ಏನೂ ಬೇಡ, ತಾಲೂಕು ಇದ್ದರೆ ಸಾಕು. ಸಂಪಾದಕರು ಒಂದು ಮೂಲೆಯಲ್ಲಿ ಜಾಗ ಕೊಟ್ಟರೆ ತಾಲೂಕುವಾರು ಎಷ್ಟು ಶೆಡ್ಡು ತುಂಬಿದೆ, ಎಷ್ಟು ಖಾಲಿ ಅಂತ ಪ್ರತಿ ತಿಂಗಳು ನೋಡಬಹುದು. ನಮ್ಮ 11 ಶೆಡ್ಡಿನದು ಈ ಲೇಖನದ ಜೊತೆಯಲ್ಲೇ ಕಳಿಸಿದ್ದೇನೆ.